ಗಾಜಿನಲ್ಲಿ ಸಿಕ್ಕಿಬಿದ್ದ ಫೋಟೊಗ್ರಾಫರ್

ಪ್ಯಾರಿಸ್‌ನಲ್ಲಿ ಸೇನ್ ನದಿಯ ದಂಡೆಗುಂಟ ಸಾಗುವ ಟೂರ್ನೆಲ್ ರಸ್ತೆಯ 63ನೇ ನಂಬರಿನಲ್ಲಿ ಹಿಂದೊಂದು ಪಾನಗೃಹವಿತ್ತು. ಹೆಸರು ‘ಓ ತಾಂಬೂರ್’. 1908ರಲ್ಲಿ ಯುಜೀನ್ ಅಟ್ಜೆ ಅದರ ಬಾಗಿಲೆದುರು ತನ್ನ ಮರದ ಕ್ಯಾಮೆರಾ ಹೂಡಿದ. ಹಳೆ ಪ್ಯಾರಿಸ್‌ನ ಅಂಗಡಿ ಮುಂಗಟ್ಟು, ನಾಮಫಲಕ, ಕಬ್ಬಿಣದ ಕುಸುರಿ ಇವನ್ನೆಲ್ಲ ಒಂದೊಂದಾಗಿ ಗಾಜಿನ ಪ್ಲೇಟಿಗೆ ಇಳಿಸಿ ಮಾರುವುದು ಆತನ ಕಸುಬು. ಬಂದದ್ದು ಅಂಥದೇ ಕೆಲಸಕ್ಕೆ. ಒಳಗಿದ್ದವರು ಬಾಗಿಲ ಗಾಜಿನ ಹಿಂದೆ ಬಂದು ನಿಂತು ಹೊರಗೆ ದಿಟ್ಟಿಸಿದರು. ಪ್ಲೇಟು ತೊಳೆದಾಗ ಮೂಡಿದ್ದು ಇಷ್ಟು: ಗಾಜಿನ ಒಳಗಿನಿಂದ ನೋಡುತ್ತಿರುವ ಮುಖ; ಅದೇ ಗಾಜಿನ ಮೈಮೇಲೆ ಮುಕ್ಕಾಲಿ ಏರಿದ ಕ್ಯಾಮೆರಾ; ಅದರ ಜತೆಗೆ ಅಟ್ಜೆಯ ಮಸುಕು ಆಕೃತಿ. ನೋಡಿದವನೂ ನೋಡಿಸಿಕೊಂಡವರೂ ಒಂದೇ ಬಾಗಿಲಲ್ಲಿ.

ಯಾವ ಫೋಟೊ ತೆಗೆದುಕೊಂಡರೂ ಅರ್ಧ ಜಗತ್ತು ನಮಗೆ ಸಿಗುವುದಿಲ್ಲ. ಲೆನ್ಸಿನ ಮುಂದಿದ್ದದ್ದು ಬಂತು, ತೆಗೆದವನ ಬೆನ್ನ ಹಿಂದಿದ್ದದ್ದು ಹೋಯಿತು. ಆತ ಎಲ್ಲಿ ನಿಂತಿದ್ದ, ಕದ್ದು ತೆಗೆದನೋ ಎದುರಿಗೇ ನಿಂತು ತೆಗೆದನೋ, ಹಿಂದೆ ಮರವಿತ್ತೋ ಮೆರವಣಿಗೆಯಿತ್ತೋ ಒಂದೂ ಗೊತ್ತಾಗದು. ಅಂಗಡಿ ಗಾಜು ಮಾತ್ರ ಆ ಹಿಂದಿನ ಅರ್ಧವನ್ನು ಎಳೆತಂದು ಮುಂದಿನದರ ಮೇಲೆ ಹಾಸಿಬಿಡುತ್ತದೆ. ನಗರದ ಕಪ್ಪು–ಬಿಳುಪು ಚಿತ್ರಗಳಲ್ಲಿ ಇಂಥ ಪ್ರತಿಫಲನಗಳನ್ನು ಕಂಡಾಗ ಸೊಗಸೆಂದು ತಲೆದೂಗುವುದು ರೂಢಿ. ಇನ್‌ಸ್ಟಾಗ್ರಾಂನಲ್ಲಂತೂ ಅದೊಂದು ಚಾಳಿಯೇ ಆಗಿದೆ. ಅವುಗಳ ನಿಜವಾದ ಬೆಲೆ ಬೇರೆ ಕಡೆ ಇದೆ ಎಂದು ನನಗನ್ನಿಸುತ್ತದೆ. ಫೋಟೊ ತೆಗೆದವರು ನಿಂತ ಜಾಗ ಫೋಟೊದೊಳಗೇ ದಾಖಲಾಗುವ ಅಪರೂಪದ ಸಂದರ್ಭ ಅದು.

ಅಟ್ಜೆ 1857ರಲ್ಲಿ ಬೋರ್ಡೊ ಬಳಿಯ ಲಿಬೂರ್ನ್‌ನಲ್ಲಿ ಹುಟ್ಟಿದವನು. ಹಡಗಿನಲ್ಲಿ ದುಡಿದ, ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ. ಕೊನೆಗೆ ಕ್ಯಾಮೆರಾ ಹಿಡಿದು, ‘ಕಲಾವಿದರಿಗೆ ಬೇಕಾದ ದಾಖಲೆಗಳು’ ಎಂಬರ್ಥದ ಬೋರ್ಡು ಹಾಕಿಕೊಂಡ. ಚಿತ್ರ ಬರೆಯುವವರಿಗೆ ಮಾದರಿಗಾಗಿ ಮರ, ಮೆಟ್ಟಿಲು, ಬಾಗಿಲು ಬೇಕಿತ್ತು. ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿಗೆ ನೆಲಸಮವಾಗಲಿದ್ದ ಹಳೆ ಊರಿನ ಗುರುತು ಬೇಕಿತ್ತು. 18x24 ಸೆಂಟಿಮೀಟರಿನ ಗಾಜಿನ ಪ್ಲೇಟುಗಳನ್ನು ಹೊತ್ತು ಆತ ಬೆಳಗಿನ ಹೊತ್ತು ತಿರುಗುತ್ತಿದ್ದ. ಸಾಯುವ ಹೊತ್ತಿಗೆ ಎಂಟು ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳಾಗಿದ್ದವು. ಅವುಗಳ ನಡುವೆ ಅಂಗಡಿ ಗಾಜಿನ ಚಿತ್ರಗಳು ಬಹಳವೇನಲ್ಲ. 1912ರಲ್ಲಿ ಸ್ಟ್ರಾಸ್‌ಬೂರ್ ಬುಲೆವಾರ್ಡಿನ ಕಾರ್ಸೆಟ್ ಅಂಗಡಿ, ಆಮೇಲೆ 1925ರಲ್ಲಿ ಗೋಬ್ಲಾಂ ಅವೆನ್ಯೂವಿನ ಬಟ್ಟೆ ಅಂಗಡಿಗಳು. ಆದರೆ ಆತನ ಹೆಸರು ಹೇಳಿದರೆ ಮೊದಲು ಕಣ್ಮುಂದೆ ಬರುವುದು ಅವೇ.

ಗೋಬ್ಲಾಂ ಚಿತ್ರದಲ್ಲಿ ಸೂಟು ತೊಟ್ಟ ಗಂಡು ಗೊಂಬೆಗಳು ಬೆಲೆಚೀಟಿ ಅಂಟಿಸಿಕೊಂಡು ನಗುತ್ತ ನಿಂತಿವೆ. ಅವುಗಳ ಮೇಲೆ, ಅವುಗಳ ಒಳಗಿಂದ, ರಸ್ತೆಯಾಚೆಯ ಮರಗಳೂ ಕಟ್ಟಡವೂ ಹಾದುಹೋಗಿವೆ. ಗೊಂಬೆಗಳು ಅಂಗಡಿಯಲ್ಲಿವೆಯೋ, ಮರದ ಕೆಳಗೆ ಹರಟೆಗೆ ಕೂಡಿವೆಯೋ ಎಂದು ಹೇಳುವುದು ಕಷ್ಟ. ಬೀದಿಯಲ್ಲಿ ಮನುಷ್ಯರಿಲ್ಲ, ಇರುವವರೆಲ್ಲ ಮಾರಾಟಕ್ಕಿರುವ ಬಟ್ಟೆ ತೊಟ್ಟ ಗೊಂಬೆಗಳು.

ಕನಸನ್ನೂ ವಾಸ್ತವವನ್ನೂ ಬೆರೆಸುತ್ತಿದ್ದ ಸರ್ರಿಯಲಿಸ್ಟ್ ಕಲಾವಿದರು ಇದನ್ನು ಕಂಡು ಹಿಗ್ಗಿದ್ದು ಸಹಜ. ಅವರಲ್ಲೊಬ್ಬನಾದ ಫೋಟೊಗ್ರಾಫರ್ ಮ್ಯಾನ್ ರೇ ಕಾಂಪಾಞ್ಞ್ ಪ್ರೆಮಿಯೇರ್ ಬೀದಿಯಲ್ಲಿ, ಅಟ್ಜೆಯ ಮನೆಯಿಂದ ಕೂಗಳತೆಯಲ್ಲಿ ಇದ್ದ. ಆತ ಕೆಲವು ಚಿತ್ರಗಳನ್ನು ಕೊಂಡುಕೊಂಡ. 1926ರಲ್ಲಿ ಸರ್ರಿಯಲಿಸ್ಟರ ಪತ್ರಿಕೆ ‘ಲಾ ರೆವಲ್ಯುಸಿಯಾನ್ ಸುರ್ರಿಯಲಿಸ್ತ್’ ಅಟ್ಜೆಯ ಗ್ರಹಣದ ಚಿತ್ರವನ್ನು ಮುಖಪುಟಕ್ಕೇ ಹಾಕಿತು. ನನ್ನ ಹೆಸರು ಹಾಕಬೇಡಿ ಎಂದನಂತೆ ಅಟ್ಜೆ. ತಾನು ಮಾಡುವುದು ದಾಖಲೆ ಮಾತ್ರ ಎಂಬುದು ಆತನ ನಿಲುವು. ಅವನು ತಿಳಿಯದೆಯೇ ಸರ್ರಿಯಲಿಸ್ಟ್ ಆಗಿದ್ದ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಗಾಜಿನಲ್ಲಿ ಎದುರಿನ ಮರ ಮೂಡುತ್ತದೆ ಎಂಬುದು ಗೊತ್ತಿರಲಿಲ್ಲವೇ? ಪ್ರತಿಫಲನ ಬೇಡವಾದರೆ ಮಾಡುವ ಉಪಾಯ ಎಲ್ಲ ಕಸುಬುದಾರರಿಗೂ ತಿಳಿದದ್ದು: ಕ್ಯಾಮೆರಾದ ಹಿಂದೆ ದೊಡ್ಡ ಕಪ್ಪು ಬಟ್ಟೆ ಹಿಡಿಸಬೇಕು, ಇಲ್ಲವೇ ಹೊರಗಿನ ಬೆಳಕು ಇಳಿದು ಒಳಗಿನ ದೀಪ ಹತ್ತುವ ಹೊತ್ತಿಗೆ ಬರಬೇಕು. ಅಟ್ಜೆ ಎರಡನ್ನೂ ಮಾಡಲಿಲ್ಲ. ಮುದ್ರಿಸಿದ ಮೇಲೆ ಹರಿದೂ ಹಾಕಲಿಲ್ಲ.

ಜನರಿಲ್ಲದ ಅಟ್ಜೆಯ ಬೀದಿಗಳನ್ನು 1931ರಲ್ಲಿ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಅಪರಾಧ ನಡೆದ ಸ್ಥಳಕ್ಕೆ ಹೋಲಿಸಿದ. ಆ ಮಾತು ಬಹಳ ಪ್ರಸಿದ್ಧ. ಅದನ್ನೇ ಮುಂದುವರಿಸಿ ಹೇಳುವುದಾದರೆ, ಗಾಜಿನಲ್ಲಿ ಮೂಡಿದ ಕ್ಯಾಮೆರಾ ಮಹಜರಿನ ಕೆಳಗಿನ ಪಂಚರ ಸಹಿ ಇದ್ದಂತೆ. ನಾನಿಲ್ಲಿ ಇದ್ದೆ, ಇಷ್ಟು ದೂರದಲ್ಲಿ ನಿಂತು ಇದನ್ನು ಕಂಡೆ ಎನ್ನುವ ಸಹಿ.

1927ರ ಆಗಸ್ಟಿನಲ್ಲಿ ಅಟ್ಜೆ ತೀರಿಕೊಂಡ. ಆ ರಾಶಿ ಪ್ಲೇಟುಗಳು ಚೆಲ್ಲಾಪಿಲ್ಲಿಯಾಗಲಿಲ್ಲವೆಂದರೆ ಅದಕ್ಕೆ ಕಾರಣ ಮ್ಯಾನ್ ರೇಯ ಸಹಾಯಕಿಯಾಗಿದ್ದ ಅಮೆರಿಕದ ಯುವತಿ ಬೆರೆನಿಸ್ ಅಬಟ್. ಆಕೆ ಆತನ ಕೊನೆಯ ವರ್ಷದಲ್ಲೇ ಅವನ ಭಾವಚಿತ್ರ ತೆಗೆದಿದ್ದಳು. ಸತ್ತ ಮೇಲೆ ಉಳಿದ ಸಂಗ್ರಹವನ್ನು 1928ರಲ್ಲಿ ಕೊಂಡು ನ್ಯೂಯಾರ್ಕಿಗೆ ಸಾಗಿಸಿದಳು. ನಾಲ್ಕು ದಶಕ ಅದನ್ನು ಕಾದು, ಪ್ರಿಂಟು ಹಾಕಿ, ಪುಸ್ತಕ ಮಾಡಿ, 1968ರಲ್ಲಿ ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ದಾಟಿಸಿದಳು. ಹೀಗೆ ಪ್ಯಾರಿಸ್‌ನ ಅಂಗಡಿ ಗಾಜು ನ್ಯೂಯಾರ್ಕಿನ ಫೋಟೊಗ್ರಾಫರ್‌ಗಳ ಕಣ್ಣಿಗೆ ಬಿತ್ತು.

ಅವರು ಏನು ಮಾಡಿದರೆಂದು ನೋಡುವ ಮುನ್ನ ಗಾಜು ಏನು ಮಾಡುತ್ತದೆಂದು ತಿಳಿದಿರಬೇಕು. ಸಾದಾ ಗಾಜಿಗೆ ನೇರವಾಗಿ ಬಡಿದ ಬೆಳಕಿನಲ್ಲಿ ಸುಮಾರು ಶೇ 4ರಷ್ಟು ಮುಂದಿನ ಮೈಯಿಂದ ಮರಳುತ್ತದೆ, ಹಿಂದಿನ ಮೈಯಿಂದಲೂ ಅಷ್ಟೇ. ಒಟ್ಟು ಶೇ 8 ಎನ್ನಿ. ಓರೆಯಾಗಿ ನೋಡಿದಷ್ಟೂ ಈ ಪಾಲು ಏರುತ್ತದೆ. ಶೇ 8 ಬಹಳ ಕಡಿಮೆ ಎನ್ನಿಸಬಹುದು. ಆದರೆ ಬೆಳಕಿನ ಮಾನವಾದ ಲಕ್ಸ್‌ನಲ್ಲಿ ಹೇಳುವುದಾದರೆ ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್; ಸಾಧಾರಣವಾಗಿ ದೀಪ ಹಾಕಿದ ಅಂಗಡಿಯೊಳಗೆ ಸುಮಾರು 500 ಲಕ್ಸ್. ಲಕ್ಷದ ಶೇ 8 ಎಂದರೆ 8 ಸಾವಿರ. ಒಳಗಿನ 500 ಅದರೆದುರು ಎಲ್ಲಿ ನಿಲ್ಲುತ್ತದೆ? ಬಿಸಿಲಲ್ಲಿ ಗಾಜು ಕನ್ನಡಿಯೇ ಆಗಿಬಿಡುತ್ತದೆ. ಮೋಡ ಮುಚ್ಚಿದ ದಿನ ಹೊರಗೆ 10 ಸಾವಿರ ಲಕ್ಸ್ ಇದ್ದರೆ ಅದರ ಶೇ 8 ಬರೀ 800. ಈಗ ಒಳಗೂ ಹೊರಗೂ ಸರಿಸಮ ಜಗಳ. ಕತ್ತಲಾದ ಮೇಲೆ ಲೆಕ್ಕ ತಿರುಗುಮುರುಗು: ಅಂಗಡಿ ಗೆಲ್ಲುತ್ತದೆ, ಬೀದಿ ಮಾಯವಾಗುತ್ತದೆ. ಪ್ರತಿಫಲನದ ಫೋಟೊ ಬಯಸುವವರು ಮೋಡದ ದಿನವನ್ನೂ ಮುಸ್ಸಂಜೆಯನ್ನೂ ಕಾಯುವುದು ಇದಕ್ಕೇ.

ಇನ್ನೊಂದು ಸಂಗತಿ ಇದೆ, ನನಗೆ ಇಡೀ ವಿಷಯದಲ್ಲಿ ಅತ್ಯಂತ ಚೆಂದವೆನಿಸುವುದು. ಪ್ರತಿಬಿಂಬ ಕಾಣಬೇಕಾದರೆ ಅದರ ಹಿಂದೆ, ಅಂಗಡಿಯೊಳಗೆ, ಕಪ್ಪು ಇರಬೇಕು. ಒಳಗೆ ಬಿಳಿ ಅಂಗಿ ತೂಗಿದ್ದರೆ ಅದು ಹೊರಗಿನ ಮರವನ್ನು ನುಂಗಿಬಿಡುತ್ತದೆ. ಕಪ್ಪು ಕೋಟು ತೂಗಿದ್ದರೆ ಅದರ ಮೇಲೆ ಮರದ ಎಲೆಎಲೆಯೂ ಮೂಡುತ್ತದೆ. ಇದರ ಇನ್ನೊಂದು ಮಗ್ಗುಲೂ ಅಷ್ಟೇ ನಿಜ. ಗಾಜಿನೆದುರು ನೀವೇ ನಿಂತರೆ ನಿಮ್ಮ ಮೈ ಬೆಳಗುವ ಆಕಾಶಕ್ಕೆ ಅಡ್ಡವಾಗುತ್ತದೆ. ಆ ಕಪ್ಪು ಆಕೃತಿಯೊಳಗೆ ಮಾತ್ರ ಅಂಗಡಿ ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ. ಶೋಕೇಸಿಗೆ ಮುಖ ಒತ್ತಿ, ಎರಡು ಕೈ ಮರೆಮಾಡಿ ಒಳಗೆ ಇಣುಕುವ ಮಕ್ಕಳಿಗೆ ಈ ಭೌತಶಾಸ್ತ್ರ ಯಾರೂ ಹೇಳಿಕೊಡಬೇಕಿಲ್ಲ. ಫೋಟೊಗ್ರಾಫರ್ ತನ್ನ ದೇಹದಿಂದಲೇ ಚಿತ್ರದಲ್ಲಿ ಒಂದು ಕಿಂಡಿ ಕೊರೆದುಕೊಳ್ಳುತ್ತಾನೆ ಎಂದಾಯಿತು.

ಕಪ್ಪು–ಬಿಳುಪಿನ ಪ್ರಶ್ನೆ ಬರುವುದು ಇಲ್ಲಿ. ಬಣ್ಣದ ಫೋಟೊದಲ್ಲಿ ಒಳಗಿನ ಕೆಂಪು ಸೀರೆಯನ್ನೂ ಹೊರಗಿನ ಹಸಿರು ಮರವನ್ನೂ ಕಣ್ಣು ತಟ್ಟನೆ ಬಿಡಿಸಿಕೊಳ್ಳುತ್ತದೆ. ಬಣ್ಣ ತೆಗೆದುಬಿಡಿ. ಎರಡೂ ಒಂದೇ ಬೂದು. ಈಗ ಯಾವುದು ಒಳಗೆ, ಯಾವುದು ಹೊರಗೆ ಎಂಬುದಕ್ಕೆ ಅಂಚು, ಗಾತ್ರ, ಮಸುಕು ಇವನ್ನೇ ನಂಬಬೇಕು. ಅಕ್ಷರಗಳೂ ನೆರವಿಗೆ ಬರುತ್ತವೆ: ಅಂಗಡಿಯವರು ಗಾಜಿನ ಮೇಲೆ ಬರೆಸಿದ್ದು ನೇರವಾಗಿ ಓದಿಸಿಕೊಳ್ಳುತ್ತದೆ, ಎದುರು ಸಾಲಿನ ಬೋರ್ಡು ತಿರುಗುಮುರುಗಾಗಿರುತ್ತದೆ. ಓದಲು ಬಾರದ ಬೋರ್ಡು ಕಂಡರೆ ಅದು ಫೋಟೊಗ್ರಾಫರನ ಬೆನ್ನ ಹಿಂದಿನದು ಎಂದು ತಿಳಿಯಬೇಕು.

ಭಾರತಕ್ಕೆ ಕಪ್ಪು–ಬಿಳುಪು ಒಗ್ಗುವುದಿಲ್ಲ, ನಮ್ಮ ನೋಟವೇ ಬಣ್ಣದ್ದು ಎಂದು ವಾದಿಸಿದವರು ರಘುಬೀರ್ ಸಿಂಗ್. ಜೈಪುರದಲ್ಲಿ ಹುಟ್ಟಿ ಲೋಕವೆಲ್ಲ ಹೆಸರು ಮಾಡಿದ ಈ ಫೋಟೊಗ್ರಾಫರ್ 1999ರಲ್ಲಿ ತೀರಿಕೊಂಡರು. ಮುಂದೆ 2002ರಲ್ಲಿ ಬಂದ ‘ಎ ವೇ ಇಂಟು ಇಂಡಿಯಾ’ದಲ್ಲಿ ಅಂಬಾಸಡರ್ ಕಾರಿನ ಬಾಗಿಲು, ಕಿಟಕಿ, ಕನ್ನಡಿಗಳ ಮೂಲಕವೇ ದೇಶ ಕಾಣುತ್ತದೆ. ಅವರ ಚಿತ್ರಗಳ ಮಟ್ಟಿಗೆ ಅವರ ವಾದ ಸರಿ. ಆ ಬಣ್ಣಗಳನ್ನು ಕಿತ್ತರೆ ಅವು ನಿಲ್ಲುವುದಿಲ್ಲ. ಆದರೆ ಅಲ್ಲಿ ಕನ್ನಡಿಯ ಊರು ಬೇರೆ, ಕಿಟಕಿಯ ಊರು ಬೇರೆ ಎಂದು ಬಣ್ಣವೇ ಹೇಳಿಬಿಡುತ್ತದೆ. ಎರಡೂ ಬೆರೆತು ನೋಡುವವನು ಗಲಿಬಿಲಿಗೊಳ್ಳಬೇಕೆಂದಿದ್ದರೆ ಬೂದು ಬಣ್ಣವೇ ಬೇಕು.

ಆ ಗಲಿಬಿಲಿಯನ್ನು ಬೇಕೆಂದೇ ಹುಡುಕಿಕೊಂಡು ಹೋದವಳು ಲಿಸೆಟ್ ಮಾಡೆಲ್. 1901ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಷೋನ್‌ಬರ್ಗ್ ಬಳಿ ಸಂಗೀತ ಕಲಿತು, ಫ್ರಾನ್ಸಿನಲ್ಲಿ ಕ್ಯಾಮೆರಾ ಹಿಡಿದು, 1938ರಲ್ಲಿ ಗಂಡನೊಂದಿಗೆ ನ್ಯೂಯಾರ್ಕಿಗೆ ಬಂದಿಳಿದಳು. ಮರುವರ್ಷದಿಂದ ಯುದ್ಧ ಮುಗಿಯುವವರೆಗೂ ಆಕೆ ಅಂಗಡಿ ಗಾಜುಗಳನ್ನು ತೆಗೆದಳು. ಸರಣಿಯ ಹೆಸರು ‘ರಿಫ್ಲೆಕ್ಷನ್ಸ್’. ಒಳಗಿನ ಗೊಂಬೆ, ದುಬಾರಿ ಉಡುಪು, ಅವುಗಳ ಮೈಮೇಲೆ ಎದುರು ಸಾಲಿನ ಕಟ್ಟಡ, ನಡುವೆ ಹಾದುಹೋಗುವವರ ತಲೆ. ಅದೇ ಕಾಲದ ಇನ್ನೊಂದು ಸರಣಿಯಲ್ಲಿ ಪಾದಚಾರಿಗಳ ಕಾಲುಗಳು ಮಾತ್ರ ಕಾಣುತ್ತವೆ, ನೆಲದ ಮಟ್ಟದಿಂದ ತೆಗೆದದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನೋ ಹೊಳೆಯುತ್ತದೆ. ನ್ಯೂಯಾರ್ಕಿಗೆ ಹೊಸದಾಗಿ ಬಂದವರೆಲ್ಲ ಕತ್ತೆತ್ತಿ ಗಗನಚುಂಬಿಗಳನ್ನು ನೋಡುತ್ತಾರೆ. ಈಕೆ ನೆಲ ನೋಡಿದಳು, ಗಾಜು ನೋಡಿದಳು. ಆ ಎತ್ತರದ ಕಟ್ಟಡಗಳು ಆಕೆಗೆ ಸಿಕ್ಕಿದ್ದು ಟೋಪಿ, ಚಪ್ಪಲಿ, ಬೆಲೆಚೀಟಿಗಳ ನಡುವೆ ತುಂಡುತುಂಡಾಗಿ. ಊರಿನ್ನೂ ತನ್ನದಾಗದವರು ಊರನ್ನು ಕಾಣುವ ಬಗೆ ಅದು ಎಂದು ಓದಿಕೊಂಡರೆ ತಪ್ಪಾಗಲಾರದು.

ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ಬಂದ ಫೋಟೊಗ್ರಾಫರ್ ರಾಬರ್ಟ್ ಫ್ರಾಂಕ್ ಕೂಡ ಹೊರಗಿನವನೇ. 1955ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆತ ತೆಗೆದ ಟ್ರಾಲಿಯ (ಬೀದಿ ಟ್ರಾಮಿನ) ಚಿತ್ರ ‘ದಿ ಅಮೆರಿಕನ್ಸ್’ ಪುಸ್ತಕದ ಮುಖಪುಟವಾಯಿತು. ಮುಂದಿನ ಕಿಟಕಿಗಳಲ್ಲಿ ಬಿಳಿಯರು, ಹಿಂದಿನವುಗಳಲ್ಲಿ ಕರಿಯರು. ಕೂರುವ ಜಾಗ ಕಾನೂನೇ ಗೊತ್ತುಮಾಡಿದ್ದು. ಎಲ್ಲರೂ ಆ ಮುಖಗಳನ್ನು ನೋಡುತ್ತಾರೆ, ನೋಡಲೇಬೇಕು. ಅವುಗಳ ತಲೆಯ ಮೇಲಿನ ಗಾಜಿನ ಸಾಲನ್ನೂ ಸ್ವಲ್ಪ ಗಮನಿಸಿ. ಅಲ್ಲಿ ಎದುರು ಬೀದಿ ಕರಗಿ, ಕಲಸಿ, ಗುರುತು ಸಿಗದ ಬೂದಾಗಿ ಮೂಡಿದೆ. ಕೆಳಗೆ ಒಬ್ಬೊಬ್ಬರಿಗೂ ಒಂದೊಂದು ಚೌಕ ಕಟ್ಟಿಕೊಟ್ಟ ಊರಿಗೆ ಮೇಲೆ ಆಕಾರವೇ ಇಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮಾಂಟ್ಗೊಮರಿಯ ಬಸ್ಸಿನಲ್ಲಿ ಕರಿಯ ಮಹಿಳೆ ರೋಸಾ ಪಾರ್ಕ್ಸ್ ಬಿಳಿಯನಿಗಾಗಿ ಸೀಟು ಬಿಟ್ಟೇಳಲು ಒಪ್ಪಲಿಲ್ಲ.

ಗಾಜಿನ ವಿಷಯದಲ್ಲಿ ಅಟ್ಜೆಯ ನಿಜವಾದ ವಾರಸುದಾರ ಮಾತ್ರ ಲೀ ಫ್ರೀಡ್‌ಲ್ಯಾಂಡರ್. 1934ರಲ್ಲಿ ಹುಟ್ಟಿದ ಆತ 1956ರಲ್ಲಿ ನ್ಯೂಯಾರ್ಕಿಗೆ ಬಂದು ಅಟ್ಲಾಂಟಿಕ್ ರೆಕಾರ್ಡ್ಸ್‌ಗೆ ಜಾಝ್ ಕಲಾವಿದರ ಚಿತ್ರ ತೆಗೆದು ಹೊಟ್ಟೆ ಹೊರೆಯುತ್ತಿದ್ದ. ಉಳಿದ ಹೊತ್ತಿನಲ್ಲಿ ಲೈಕಾ ಹಿಡಿದು ಬೀದಿ ಸುತ್ತುತ್ತಿದ್ದ. ಫೋಟೊ ಕಲಿಸುವ ಮೇಷ್ಟರು ಏನೇನು ಬೇಡವೆನ್ನುತ್ತಾರೋ ಅವೆಲ್ಲ ಆತನ ಚೌಕಟ್ಟಿನಲ್ಲಿವೆ: ನಡುವೆ ಎದ್ದ ಲೈಟುಕಂಬ, ತುಂಡಾದ ಬೋರ್ಡು, ತನ್ನದೇ ನೆರಳು, ಗಾಜಿನಲ್ಲಿ ತನ್ನದೇ ಬಿಂಬ. 1966ರ ಒಂದು ಪ್ರಸಿದ್ಧ ಚಿತ್ರದಲ್ಲಿ ಆತನ ತಲೆಯ ನೆರಳು ಮುಂದೆ ಹೋಗುತ್ತಿರುವ ಹೆಂಗಸಿನ ತುಪ್ಪಳದ ಕೋಟಿನ ಬೆನ್ನ ಮೇಲೆ ಬಿದ್ದಿದೆ. ಕೋಟಿನ ತುಪ್ಪಳವೇ ನೆರಳಿನ ತಲೆಗೂದಲಾಗಿದೆ. ನಗು ಬರುತ್ತದೆ, ಮರುಕ್ಷಣ ಬೀದಿಯಲ್ಲಿ ಒಬ್ಬ ಗಂಡಸು ಹೆಂಗಸನ್ನು ಇಷ್ಟು ಹತ್ತಿರದಿಂದ ಹಿಂಬಾಲಿಸುತ್ತಿದ್ದಾನೆ ಎಂಬುದು ಅರಿವಾಗಿ ಕಸಿವಿಸಿಯೂ ಆಗುತ್ತದೆ. ಆ ಕಸಿವಿಸಿಯನ್ನು ಆತ ಮುಚ್ಚಿಡಲಿಲ್ಲ. 1970ರಲ್ಲಿ ಇಂಥವನ್ನೇ ಕೂಡಿಸಿ ‘ಸೆಲ್ಫ್ ಪೋರ್ಟ್ರೇಟ್’ ಎಂಬ ಪುಸ್ತಕ ಮಾಡಿದ.

ಇಲ್ಲೊಂದು ಕೊಂಡಿ ಇದೆ. 1967ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ‘ನ್ಯೂ ಡಾಕ್ಯುಮೆಂಟ್ಸ್’ ಎಂಬ ಪ್ರದರ್ಶನವಾಯಿತು. ಮೂವರದು: ಫ್ರೀಡ್‌ಲ್ಯಾಂಡರ್, ಗ್ಯಾರಿ ವಿನೊಗ್ರಾಂಡ್ ಮತ್ತು ಲಿಸೆಟ್ ಮಾಡೆಲ್ ಬಳಿ ಕಲಿತ ಡಯಾನ್ ಆರ್ಬಸ್. ಏರ್ಪಡಿಸಿದವನು ಜಾನ್ ಸಾರ್ಕೋವ್ಸ್ಕಿ. ಮರುವರ್ಷ ಅಬಟ್‌ಳಿಂದ ಅಟ್ಜೆಯ ಸಂಗ್ರಹವನ್ನು ಆ ಮ್ಯೂಸಿಯಂ ಕೊಂಡಾಗ ಛಾಯಾಚಿತ್ರ ವಿಭಾಗದ ಮುಖ್ಯಸ್ಥ ಅವನೇ. ತನ್ನನ್ನು ಬರೀ ದಾಖಲೆಗಾರ ಎಂದುಕೊಂಡವನೂ, ತಮ್ಮನ್ನೇ ದಾಖಲೆಯೊಳಕ್ಕೆ ತುರುಕಿಕೊಂಡವರೂ ಒಂದೇ ಛಾವಣಿಯಡಿ ಬಂದರು.

ಫ್ರೀಡ್‌ಲ್ಯಾಂಡರ್ ಹತ್ತಿರದಿಂದ ತೆಗೆಯುತ್ತಿದ್ದದ್ದು ಮುಖ್ಯ. ಅಗಲ ನೋಟದ ಲೆನ್ಸು ಹಾಕಿಕೊಂಡವನು ವಸ್ತುವಿನ ಹತ್ತಿರ ಹೋಗಲೇಬೇಕು. ಹತ್ತಿರ ಹೋದವನು ಗಾಜಿನಲ್ಲಿ ಬೀಳಲೇಬೇಕು. ಉದ್ದ ಲೆನ್ಸಿನವರಿಗೆ ಈ ತೊಂದರೆ ಕಡಿಮೆ. ಎದುರು ಫುಟ್‌ಪಾತಿನಲ್ಲಿ ನಿಂತು ಓರೆಯಾಗಿ ಸೆಳೆದುಕೊಂಡರೆ ಆಯಿತು, ತಮ್ಮ ಸುಳಿವೇ ಇರುವುದಿಲ್ಲ. ಬೀದಿಯಲ್ಲಿ ಅಪರಿಚಿತರ ಚಿತ್ರ ತೆಗೆಯುವುದು ಸರಿಯೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಈ ವ್ಯತ್ಯಾಸ ನೆನಪಾಗುತ್ತದೆ.

ವಯಸ್ಸು ಎಪ್ಪತ್ತರ ಕೊನೆಯಲ್ಲಿದ್ದಾಗಲೂ ಫ್ರೀಡ್‌ಲ್ಯಾಂಡರ್ ಗಾಜು ಬಿಡಲಿಲ್ಲ. ನಡುವೆ ಬಹಳ ವರ್ಷ ಚೌಕ ಫಿಲ್ಮಿನ ಕ್ಯಾಮೆರಾ ಬಳಸಿದವನು ಮತ್ತೆ 35 ಮಿ.ಮೀ. ಕ್ಯಾಮೆರಾ ಎತ್ತಿಕೊಂಡು ನ್ಯೂಯಾರ್ಕಿನ ಶೋಕೇಸುಗಳ ಮುಂದೆ ನಿಂತ. 2012ರಲ್ಲಿ ಬಂದ ‘ಮ್ಯಾನಿಕಿನ್’ ಪುಸ್ತಕದಲ್ಲಿ ಗೊಂಬೆಗಳ ಸೊಂಟ, ಎದೆ, ಕುತ್ತಿಗೆಗಳ ಮೂಲಕ ಕಟ್ಟಡಗಳು ಏರಿಹೋಗಿವೆ. ಗೋಬ್ಲಾಂ ಅವೆನ್ಯೂವಿನ ಚಿತ್ರ ತೆಗೆದು ಆಗ 87 ವರ್ಷ. ಅಟ್ಜೆಯ ಗೊಂಬೆಗಳಿಗೆ ಮರದ ನೆರಳಾದರೂ ಇತ್ತು.

ವಿವಿಯನ್ ಮೇಯರ್ ಹೆಸರು ಹೇಳದೆ ಈ ಮಾತು ಮುಗಿಯುವಂತಿಲ್ಲ. ಷಿಕಾಗೊದ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾ. ಬಾಡಿಗೆ ಕಟ್ಟದ ಕಾರಣ ಆಕೆಯ ಸಾಮಾನಿನ ಪೆಟ್ಟಿಗೆಗಳು 2007ರಲ್ಲಿ ಹರಾಜಾದವು. ಲಕ್ಷಕ್ಕೂ ಮಿಕ್ಕಿ ನೆಗೆಟಿವ್‌ಗಳು ಹೊರಬಿದ್ದವು. ಬಹಳಷ್ಟು ರೀಲುಗಳನ್ನು ಆಕೆ ತೊಳೆಸಿಯೂ ಇರಲಿಲ್ಲ. 2009ರಲ್ಲಿ ತೀರಿಕೊಂಡಾಗ ಈ ಹೆಸರು ಲೋಕಕ್ಕೆ ಗೊತ್ತಿರಲಿಲ್ಲ. ಎದೆಮಟ್ಟದಲ್ಲಿ ರೋಲೀಫ್ಲೆಕ್ಸ್ ಹಿಡಿದು, ನಗದ ಮುಖದಲ್ಲಿ, ಅಂಗಡಿ ಗಾಜುಗಳಲ್ಲೂ ಕನ್ನಡಿಗಳಲ್ಲೂ ಆಕೆ ತನ್ನನ್ನು ತಾನು ತೆಗೆದುಕೊಂಡದ್ದಕ್ಕೆ ಲೆಕ್ಕವಿಲ್ಲ. ಆ ಕ್ಯಾಮೆರಾದಲ್ಲಿ ಮೇಲಿನಿಂದ ಬಗ್ಗಿ ನೋಡಿದರೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಹಾಗಾಗಿ ಗಾಜಿನಲ್ಲಿ ತಿರುಗಿದ ಅಕ್ಷರ ಆಕೆಯ ಕಣ್ಣಿಗೆ ಮತ್ತೆ ನೇರವಾಗಿಯೇ ಕಂಡಿರಬೇಕು! ಈ ಚಿತ್ರಗಳನ್ನು ಒಂಟಿತನದ ಪುರಾವೆ ಎಂದು ಬರೆಯುವವರೇ ಹೆಚ್ಚು. ನನಗೆ ಅವು ಕಸುಬಿನ ಅಭ್ಯಾಸದಂತೆ ಕಾಣುತ್ತವೆ. ಬೆಳಕು ಹೇಗಿದೆ, ತನ್ನ ಟೋಪಿಯ ಕಪ್ಪಿನಲ್ಲಿ ಒಳಗಿನ ಏನು ಕಾಣುತ್ತದೆ ಎಂದು ಪರೀಕ್ಷಿಸುತ್ತಿರುವ ಗಟ್ಟಿ ಕೈ ಅದು. ಅನುಕಂಪ ಆಕೆಗೆ ಬೇಕಿಲ್ಲ.

ಗಾಜನ್ನು ಉಲ್ಟಾ ಬಳಸಿದವನೂ ಇದ್ದಾನೆ. 1948ರಲ್ಲಿ ಪ್ಯಾರಿಸ್‌ನ ಹಳೆ ವಸ್ತುಗಳ ಅಂಗಡಿಯೊಂದರಲ್ಲಿ ರಾಬರ್ಟ್ ದ್ವಾನೋ ಒಳಗೇ ಅಡಗಿ ಕೂತ. ಶೋಕೇಸಿನಲ್ಲಿ ಬೆತ್ತಲೆ ಹೆಂಗಸಿನ ಚಿತ್ರಪಟ ಇಟ್ಟಿತ್ತು. ಹೊರಗೆ ನಿಂತ ಜೋಡಿಯಲ್ಲಿ ಹೆಂಡತಿ ಬೇರೇನನ್ನೋ ತೋರಿಸಿ ಮಾತಾಡುತ್ತಿದ್ದಾಳೆ, ಗಂಡನ ಕಣ್ಣು ಓರೆಯಾಗಿ ಆ ಪಟದ ಮೇಲಿದೆ. ಜನ ಈಗಲೂ ನಗುವ ಚಿತ್ರ. ಒಳಗಿನ ಕತ್ತಲಿನಿಂದ ಹೊರಗಿನ ಬೆಳಕಿಗೆ ತೆಗೆದದ್ದರಿಂದ ಗಾಜಿನಲ್ಲಿ ಏನೂ ಮೂಡಿಲ್ಲ. ಓರೆಗಣ್ಣಿನ ಗಂಡ ಸಿಕ್ಕಿಬಿದ್ದ. ಅಡಗಿ ನೋಡಿದ ದ್ವಾನೋ ತಪ್ಪಿಸಿಕೊಂಡ. ಜಾಣ ಚಿತ್ರ. ಆದರೆ ಫ್ರೀಡ್‌ಲ್ಯಾಂಡರನ ಆ ಕಸಿವಿಸಿಯ ನೆರಳಿನ ಮುಂದೆ ತೂಕ ಕಡಿಮೆ.

ನಮ್ಮಲ್ಲಿ ಈ ಬಗೆ ಏಕೆ ಬೆಳೆಯಲಿಲ್ಲ ಎಂದು ಕೇಳಿಕೊಂಡರೆ ಉತ್ತರ ಸರಳ: ಗಾಜೇ ಇರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಗಳ ಅಂಗಡಿಗಳು ಬೀದಿಗೆ ಬಾಯಿ ತೆರೆದೇ ಕೂತವು. ಬೆಳಿಗ್ಗೆ ಹಲಗೆ ತೆಗೆದರೆ ಅಂಗಡಿ ತೆರೆಯಿತು; ಸರಕು ಹೊರಗೇ ತೂಗಿತು; ವ್ಯಾಪಾರಿ ಗಾದಿಯ ಮೇಲಿಂದಲೇ ದಾರಿಹೋಕರನ್ನು ಕರೆದ. ಒಳಗೂ ಹೊರಗೂ ನಡುವೆ ಗೋಡೆಯಿಲ್ಲದ ಮೇಲೆ ಪ್ರತಿಫಲನ ಎಲ್ಲಿಂದ? ಮೈಸೂರಿನ ಟಿ.ಎಸ್. ಸತ್ಯನ್ ಕಪ್ಪು–ಬಿಳುಪಿನಲ್ಲಿ ದೇಶದ ಸಾಮಾನ್ಯರ ಬದುಕು ಹಿಡಿದವರು. ಅವರ ಚಿತ್ರಗಳಲ್ಲಿ ಮನುಷ್ಯರು ಎದುರಾಗುವುದು ನೇರವಾಗಿ, ನಡುವೆ ಗಾಜಿಲ್ಲದೆ. ಶೋಕೇಸು ಒಂದು ಕಾಲಕ್ಕೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಸೊತ್ತು. ಎ.ಸಿ. ಬಂದ ಮೇಲೆ ತಣ್ಣನೆ ಗಾಳಿ ಹೊರಹೋಗದಂತೆ ಎಲ್ಲ ಬಡಾವಣೆಯ ಅಂಗಡಿಗೂ ಗಾಜು ಬಂತು. ಈಗ ಮೆಟ್ರೊ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆಗೆ ನೆಲದಡಿ ಓಡುವಾಗ ಬೋಗಿಯ ಕಿಟಕಿಗಳೆಲ್ಲ ಕನ್ನಡಿಗಳಾಗುತ್ತವೆ. ಹೊರಗೆ ಕತ್ತಲು, ಒಳಗೆ ದೀಪ, ಅದೇ ಹಳೆಯ ಲೆಕ್ಕ. ವಸ್ತು ಬಂದು ಕೂತಿದೆ, ತೆಗೆಯುವವರು ಬೇಕು.

ತೆಗೆಯಬೇಕೆನ್ನುವವರಿಗೆ ಒಂದೆರಡು ಮಾತು. ನೀವು ಗಾಜಿನಿಂದ 2 ಮೀಟರ್ ದೂರದಲ್ಲಿದ್ದು, ನಿಮ್ಮ ಹಿಂದೆ 20 ಮೀಟರಿನಲ್ಲಿ ಕಟ್ಟಡವಿದ್ದರೆ ಕ್ಯಾಮೆರಾಕ್ಕೆ ಅದರ ಬಿಂಬ ಇರುವುದು 24 ಮೀಟರ್ ದೂರದಲ್ಲಿ. ಗಾಜಿಗೆ ಫೋಕಸ್ ಮಾಡಿದರೆ ಕಟ್ಟಡ ಮಸುಕು, ಕಟ್ಟಡಕ್ಕೆ ಮಾಡಿದರೆ ಗೊಂಬೆ ಮಸುಕು. ಎರಡೂ ಬೇಕಾದರೆ ಫುಲ್ ಫ್ರೇಮ್ ಕ್ಯಾಮೆರಾದ 35 ಮಿ.ಮೀ. ಲೆನ್ಸಿನಲ್ಲಿ ಅಪರ್ಚರ್ ಎಫ್ 11 ಇಟ್ಟು ಸುಮಾರು 3.7 ಮೀಟರಿಗೆ ಫೋಕಸ್ ಮಾಡಿ. ಹೆಚ್ಚುಕಡಿಮೆ 2 ಮೀಟರಿನಿಂದ ಆಚೆಗೆ ಎಲ್ಲವೂ ಸ್ಪಷ್ಟ. ಫೋನಿನ ಪುಟ್ಟ ಸೆನ್ಸರಿಗೆ ಈ ತಾಪತ್ರಯವೂ ಇಲ್ಲ. ಪೋಲರೈಸರ್ ಫಿಲ್ಟರ್ ಮನೆಯಲ್ಲೇ ಬಿಟ್ಟು ಹೋಗಿ. ಗಾಜಿಗೆ ಲಂಬವಾಗಿ ಎಳೆದ ಗೆರೆಯಿಂದ ಸುಮಾರು 56 ಡಿಗ್ರಿ ಓರೆಯಲ್ಲಿ ಅದು ಬಿಂಬವನ್ನು ಪೂರಾ ಅಳಿಸಿಬಿಡುತ್ತದೆ. ಅಂಗಡಿಯವರು ಏನೆಂದು ಕೇಳಿದರೆ ತೋರಿಸಿ. ಹೇಗಿದ್ದರೂ ನೀವು ಚಿತ್ರದಲ್ಲಿ ಇದ್ದೇ ಇದ್ದೀರಿ.

ಈಚೆಗೆ ಫೋನುಗಳಲ್ಲೂ ಫೋಟೊ ತಿದ್ದುವ ಸಾಫ್ಟ್‌ವೇರ್‌ಗಳಲ್ಲೂ ಪ್ರತಿಫಲನ ಅಳಿಸುವ ಗುಂಡಿ ಬಂದಿದೆ. ಒಂದು ಸಲ ಒತ್ತಿದರೆ ಎದುರು ಬೀದಿ, ಮರ, ಬೋರ್ಡು, ಜತೆಗೆ ಫೋಟೊ ತೆಗೆದವರೂ ಮಾಯ. ಸೀರೆ, ಒಡವೆ ಮಾರುವವರಿಗೆ ಅದು ಉಪಕಾರವೇ ಇರಬಹುದು. ನಿಮ್ಮ ಬೀದಿಯ, ನಿಮ್ಮ ಊರಿನ ಫೋಟೊಗಳ ವಿಷಯ ಬೇರೆ. ಅಲ್ಲಿ ಆ ಗುಂಡಿ ಒತ್ತಲೇಬೇಕೆನ್ನಿಸಿದರೆ ಮೊದಲು ಮೂಲ ಚಿತ್ರದ ಒಂದು ಪ್ರತಿಯನ್ನು ಹಾಗೇ ತೆಗೆದಿಡಿ. ಗಾಜಿನಲ್ಲಿ ಅಡ್ಡಬಂದ ಎದುರು ಸಾಲಿನ ಅಂಗಡಿ ಇನ್ನೈದು ವರ್ಷಕ್ಕೆ ಅಲ್ಲಿ ಇರಲಿಕ್ಕಿಲ್ಲ.